ಲಾಂಛನ ಇದ್ದ ಮಾತ್ರಕ್ಕೆ ಸರ್ಕಾರಿ ವೆಬ್‌ಸೈಟ್ ಅಲ್ಲ: ವಿಳಾಸದ ಬಾಲ ನೋಡಿ

ಯಲ್ದೂರು (ಶ್ರೀನಿವಾಸಪುರ ತಾ.): ಪಿಎಂ ಕಿಸಾನ್ ಕಂತು ಬರುವ ಹೊತ್ತಿಗೆ ಮೊಬೈಲ್‌ಗೆ ಲಿಂಕ್‌ಗಳೂ ಬರುತ್ತವೆ. ‘ತಕ್ಷಣ ಕೆವೈಸಿ ಮಾಡಿ, ಇಲ್ಲದಿದ್ದರೆ ಹಣ ನಿಲ್ಲುತ್ತದೆ’ ಅಂತ ಒಂದು ಸಾಲು. ಒತ್ತಿದರೆ ಸಿಂಹದ ಲಾಂಛನ, ಪ್ರಧಾನಿ ಫೋಟೋ, ಆಧಾರ್ ನಂಬರ್ ಕೇಳುವ ಖಾನೆ. ನೋಡೋಕೆ ಪಕ್ಕಾ ಸರ್ಕಾರಿ ಪುಟ. ಆದರೆ ಇಂಥ ಎಷ್ಟೋ ಪುಟಗಳು ನಕಲಿ. ಮೋಸ ಇಷ್ಟು ಸುಲಭ ಆಗೋಕೆ ಒಂದು ಕಾರಣ, ಅಸಲಿ ಸರ್ಕಾರಿ ವೆಬ್‌ಸೈಟ್ ಹೇಗಿರುತ್ತೆ ಅಂತ ಜನರಿಗೆ ಗುರುತೇ ಸಿಗದಿರುವುದು.

ಎಂಟು ಕೆಲಸ, ಎಂಟು ಮುಖ

ಯಲ್ದೂರು ಹೋಬಳಿಯ ಒಬ್ಬ ಮಾವು ಬೆಳೆಗಾರರ ಮನೆಯ ಲೆಕ್ಕ ತಗೊಳ್ಳಿ. ಪಹಣಿಗೆ ಭೂಮಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ರೈತರ ಎಫ್‌ಐಡಿ ನಂಬರ್‌ಗೆ ಫ್ರೂಟ್ಸ್. ಜಮೀನು ನೋಂದಣಿ ಮತ್ತು ಇಸಿಗೆ ಕಾವೇರಿ. ಊರಿನ ಮನೆ ಖಾತೆಗೆ ಇ-ಸ್ವತ್ತು. ರೇಷನ್ ಕಾರ್ಡ್‌ಗೆ ಆಹಾರ ಇಲಾಖೆ. ಗೃಹಲಕ್ಷ್ಮಿಗೆ ಸೇವಾ ಸಿಂಧು. ವರ್ಷಕ್ಕೆ ಮೂರು ಕಂತಿನಲ್ಲಿ ಬರುವ 6,000 ರೂಪಾಯಿಗೆ ಪಿಎಂ ಕಿಸಾನ್.

ಎಂಟೂ ಸರ್ಕಾರದ್ದೇ. ಆದರೆ ಒಂದರ ಬಣ್ಣ ಇನ್ನೊಂದಕ್ಕಿಲ್ಲ, ಒಂದರ ಅಕ್ಷರ ಇನ್ನೊಂದಕ್ಕಿಲ್ಲ. ಹಾಗಾಗಿ ಒಂಬತ್ತನೆಯದಾಗಿ ನಕಲಿ ಪುಟ ಬಂದು ನಿಂತರೂ ‘ಇದೂ ಯಾವುದೋ ಇಲಾಖೆದು ಇರಬೇಕು’ ಅಂತ ಜನ ಅಂದುಕೊಳ್ಳುತ್ತಾರೆ.

ಕೆಂಪು ಬಸ್ ನೆನಪು ಮಾಡಿಕೊಳ್ಳಿ. ಬೋರ್ಡ್ ಓದೋಕೆ ಬಾರದವರೂ ದೂರದಿಂದಲೇ ‘ಸರ್ಕಾರಿ ಬಸ್ ಬಂತು’ ಅಂತಾರೆ. ಅಂಚೆ ಡಬ್ಬಿಯೂ ಅಷ್ಟೇ. ಒಂದೇ ಬಣ್ಣ, ಒಂದೇ ರೂಪ ವರ್ಷಗಟ್ಟಲೆ ನೋಡಿದ್ದರಿಂದ ಬಂದ ಗುರುತು ಅದು. ಮನೆಯಲ್ಲಿ ತೆಲುಗು ಮಾತಾಡಿ, ಶಾಲೆಯಲ್ಲಿ ಕನ್ನಡ ಓದಿ, ಇಂಗ್ಲಿಷ್ ಅಷ್ಟಕ್ಕಷ್ಟೇ ಇರುವ ನಮ್ಮ ಗಡಿ ತಾಲ್ಲೂಕಿನ ಹಿರಿಯರಿಗೆ ಮೊಬೈಲ್‌ನಲ್ಲೂ ಅಂಥ ಗುರುತು ಬೇಕು.

ಸರ್ಕಾರ ಏನು ಮಾಡಿದೆ?

ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2025ರ ಫೆಬ್ರವರಿಯಲ್ಲಿ ‘ಡಿಜಿಟಲ್ ಬ್ರ್ಯಾಂಡ್ ಐಡೆಂಟಿಟಿ ಮ್ಯಾನುಯಲ್’ ಎಂಬ ಕೈಪಿಡಿ ತಂದಿದೆ. ಲಾಂಛನ ಎಲ್ಲಿ, ಹೇಗಿರಬೇಕು, ಯಾವ ಬಣ್ಣ, ಯಾವ ಅಕ್ಷರ, ಪುಟದ ಮೇಲುಭಾಗ ಕೆಳಭಾಗ ಹೇಗೆ, ಸೋಷಿಯಲ್ ಮೀಡಿಯಾ ಖಾತೆ ಹೇಗೆ ಎಂಬುದೆಲ್ಲ ಅದರಲ್ಲಿದೆ. ಅಕ್ಷರಕ್ಕೆ ನೋಟೋ ಸ್ಯಾನ್ಸ್ ಆರಿಸಿದ್ದಾರೆ. ಅದು ಕನ್ನಡವೂ ಸೇರಿ ಭಾರತದ ಲಿಪಿಗಳಿಗೆ ಸಿಗುತ್ತದೆ.

ಜಿಲ್ಲಾ ವೆಬ್‌ಸೈಟ್‌ಗಳಲ್ಲಿ ಈ ಕೆಲಸ ಮೊದಲೇ ಆಗಿದೆ. ಕೋಲಾರ ಮತ್ತು ಚಿಕ್ಕಬಳ್ಳಾಪುರದ ಜಿಲ್ಲಾ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಒಂದೇ ಮೇಸ್ತ್ರಿ ಕಟ್ಟಿದ ಮನೆಗಳ ಥರ ಇವೆ. ಎರಡನ್ನೂ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ (ಎನ್‌ಐಸಿ) ಒಂದೇ ವ್ಯವಸ್ಥೆಯಲ್ಲಿ ಕಟ್ಟಿರುವುದು ಇದಕ್ಕೆ ಕಾರಣ. ರಾಜ್ಯದಲ್ಲೂ ಅನೇಕ ಇಲಾಖೆಗಳ ಮಾಹಿತಿ ಪುಟಗಳನ್ನು ಇ-ಆಡಳಿತ ಕೇಂದ್ರ ಒಂದೇ ಮಾದರಿಗೆ ತಂದಿದೆ. ಆದರೆ ಅರ್ಜಿ ಹಾಕುವ, ಹಣ ಕಟ್ಟುವ ಪುಟಗಳು ಇನ್ನೂ ಒಂದೊಂದು ಒಂದೊಂದು ಥರ. ಜನ ಮೋಸ ಹೋಗುವುದೇ ಇಂಥ ಜಾಗದಲ್ಲಿ.

ಮುಖ ಕದಿಯಬಹುದು, ವಿಳಾಸ ಕದಿಯಲಾಗದು

ಎಲ್ಲ ಪುಟಕ್ಕೂ ಒಂದೇ ಮುಖ ಬಂದರೆ ಸಾಕಾ? ಸಾಲದು. ಸಿಂಹ ಲಾಂಛನವನ್ನಾಗಲಿ, ಗಂಡಭೇರುಂಡವನ್ನಾಗಲಿ ಯಾರು ಬೇಕಾದರೂ ಕಾಪಿ ಮಾಡಿ ಅಂಟಿಸಬಹುದು. ರಾಷ್ಟ್ರ ಲಾಂಛನ ದುರ್ಬಳಕೆ ಮಾಡಿದರೆ 2005ರ ಕಾಯ್ದೆ ಪ್ರಕಾರ ಎರಡು ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಆದರೆ ಎಲ್ಲೋ ಕೂತು ಪುಟ ಮಾಡುವ ಕಳ್ಳ ಇದಕ್ಕೆ ಹೆದರುವವನಲ್ಲ.

ಅವನು ಪಡೆಯಲಾಗದ್ದು ವಿಳಾಸದ ಬಾಲ. ‘ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯುವ ವಿಳಾಸವನ್ನು ಎನ್‌ಐಸಿ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಕೊಡುತ್ತದೆ. ರಾಜ್ಯದ ಪುಟಗಳಲ್ಲಿ ಅದರ ಹಿಂದೆ ‘ಕರ್ನಾಟಕ’ ಎಂಬ ಪದ ಇರುತ್ತದೆ. ಕೋಲಾರ ಜಿಲ್ಲೆಯ ಪುಟದಂಥವು ‘ಡಾಟ್ ನಿಕ್ ಡಾಟ್ ಇನ್’ ಎಂದು ಮುಗಿಯುತ್ತವೆ.

ಇಲ್ಲೂ ಒಂದು ತೊಡಕಿದೆ. ಬಸ್ ಟಿಕೆಟ್‌ನ ಕೆಎಸ್‌ಆರ್‌ಟಿಸಿ, ರೈಲು ಟಿಕೆಟ್‌ನ ಐಆರ್‌ಸಿಟಿಸಿ ಅಸಲಿಯೇ ಆದರೂ ಅವುಗಳ ಟಿಕೆಟ್ ಪುಟಗಳಿಗೆ ಈ ಬಾಲ ಇಲ್ಲ. ಇಂಥ ವ್ಯತ್ಯಾಸ ಇರುವವರೆಗೂ ಜನರಿಗೆ ಒಂದೇ ಮಾತಿನಲ್ಲಿ ನಿಯಮ ಹೇಳೋದು ಕಷ್ಟ.

ನೀವು ನೋಡಬೇಕಾದ್ದು ಇಷ್ಟು

* ವಿಳಾಸದಲ್ಲಿ ಮೊದಲ ಅಡ್ಡ ಓರೆಗೆರೆ ಬರುವವರೆಗೆ ಓದಿ, ಅದರ ಹಿಂದಿನ ಕೊನೇ ಪದ ನೋಡಿ. ಶುರುವಿನ ‘ಎಚ್‌ಟಿಟಿಪಿಎಸ್’ ಪಕ್ಕದ ಎರಡು ಗೆರೆ ಲೆಕ್ಕಕ್ಕಿಲ್ಲ. ‘ಗವ್’ ನಡುವೆ ಎಲ್ಲೋ ಇದ್ದು ಕೊನೆಗೆ ಬೇರೇನೋ ಇದ್ದರೆ, ಅಥವಾ ‘ಗವ್’ ಹಿಂದೆ ಚುಕ್ಕೆ ಬದಲು ಅಡ್ಡಗೆರೆ ಇದ್ದರೆ ಅದು ಸರ್ಕಾರಿ ಪುಟ ಅಲ್ಲ.

* ಬೀಗದ ಚಿಹ್ನೆ ಇದೆ ಅಂತ ನಂಬಬೇಡಿ. ನೀವು ಟೈಪ್ ಮಾಡಿದ್ದನ್ನು ದಾರಿಯಲ್ಲಿ ಬೇರೆಯವರು ಓದಲಾರರು ಅಂತ ಮಾತ್ರ ಅದರ ಅರ್ಥ. ಕಳ್ಳನ ಪುಟಕ್ಕೂ ಬೀಗ ಇರಬಹುದು.

* ಎಸ್‌ಎಂಎಸ್ ಕಳಿಸಿದವರ ಹೆಸರಿನ ಕೊನೆ ನೋಡಿ. ಟ್ರಾಯ್ 2025ರಲ್ಲಿ ತಂದ ನಿಯಮದಂತೆ ಸರ್ಕಾರಿ ಸಂದೇಶಕ್ಕೆ ‘ಜಿ’, ಜಾಹೀರಾತಿಗೆ ‘ಪಿ’ ಅಕ್ಷರ ಇರುತ್ತದೆ.

* ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಫೈಲ್ ಯಾವ ಯೋಜನೆಯ ಹೆಸರಲ್ಲಿದ್ದರೂ ಇನ್‌ಸ್ಟಾಲ್ ಮಾಡಬೇಡಿ.

* ಅನುಮಾನ ಬಂದರೆ ಲಿಂಕ್ ಒತ್ತದೆ ನಾಡಕಚೇರಿ, ಗ್ರಾಮ ಒನ್ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ ಕೇಳಿ.

ಹಣ ಹೋಗಿದ್ದರೆ ನಾಳೆ ನೋಡೋಣ ಅಂತ ಕೂರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಮತ್ತೊಂದು ಖಾತೆಗೆ ದಾಟುವ ಮೊದಲೇ ದೂರು ಬಿದ್ದರೆ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು.