ಬಸಿರಿನ ಅತಿವಾಂತಿಯೂ ಅನುಭವಸ್ಥರ ನೆರವೂ

ಬಸಿರಿನ ಮೊದಲ ತಿಂಗಳುಗಳಲ್ಲಿ ಹೊಟ್ಟೆ ತೊಳಸುವುದು, ವಾಂತಿಯಾಗುವುದು ಎಲ್ಲರೂ ಬಲ್ಲ ಸಂಗತಿ. ಗರ್ಭಿಣಿಯರಲ್ಲಿ ಹತ್ತಕ್ಕೆ ಏಳೆಂಟು ಮಂದಿ ಇದನ್ನು ಒಂದಲ್ಲ ಒಂದು ಪ್ರಮಾಣದಲ್ಲಿ ಅನುಭವಿಸುತ್ತಾರೆ. ಒಗ್ಗರಣೆಯ ವಾಸನೆಗೆ ಅಡುಗೆಮನೆ ಬಿಟ್ಟು ಓಡುವ ಸೊಸೆಯನ್ನು ಕಂಡು ಹಿರಿಯರು ನಗುವರು. ನಾಲ್ಕು ತಿಂಗಳು ಕಳೆದರೆ ಎಲ್ಲವೂ ಸರಿಹೋಗುವುದೆಂದು ಧೈರ್ಯ ಹೇಳುವರು. ಬಹುಮಂದಿಯ ವಿಷಯದಲ್ಲಿ ಈ ಮಾತು ನಿಜ. ಆದರೆ ನೂರಕ್ಕೆ ಒಬ್ಬಿಬ್ಬರಲ್ಲಿ, ಕೆಲವು ಗಣನೆಗಳಂತೆ ಮೂವರಲ್ಲಿ, ಈ ಸಂಕಟವು ಬೇರೆಯೇ ರೂಪವನ್ನು ತಾಳುತ್ತದೆ. ಕುಡಿದ ನೀರೂ ನಿಲ್ಲದು, ತೂಕ ಇಳಿಯುತ್ತದೆ, ಮೈಯೊಳಗಿನ ನೀರೂ ಲವಣಗಳೂ ಬತ್ತುತ್ತವೆ, ಹಾಸಿಗೆಯಿಂದ ಏಳುವುದೂ ಕಷ್ಟವಾಗುತ್ತದೆ. ವೈದ್ಯರು ಇದನ್ನು ಹೈಪರೆಮಿಸಿಸ್ ಗ್ರಾವಿಡೇರಮ್ ಎನ್ನುತ್ತಾರೆ. ನಾವು ಅತಿವಾಂತಿ ಎನ್ನೋಣ. ರಕ್ತನಾಳದ ಮೂಲಕ ದ್ರವ ಕೊಡುವ ಕ್ರಮ ರೂಢಿಗೆ ಬರುವ ಮೊದಲು ಇದು ಎಷ್ಟೋ ಜನರ ಪ್ರಾಣವನ್ನೇ ತೆಗೆಯುತ್ತಿತ್ತು. ಆಂಗ್ಲ ಕಾದಂಬರಿಕಾರ್ತಿ ಷಾರ್ಲಟ್ ಬ್ರಾಂಟೆ 1855ರಲ್ಲಿ ತೀರಿಕೊಂಡುದಕ್ಕೆ ಇದೇ ಕಾರಣವಾಗಿದ್ದಿರಬಹುದೆಂದು ಹಲವರು ಊಹಿಸಿದ್ದಾರೆ.

ಈ ವ್ಯಾಧಿಗೆ ಅಂಟಿಕೊಂಡು ಬಂದ ಇನ್ನೊಂದು ಕಷ್ಟವುಂಟು, ಅದೇ ಅಪನಂಬಿಕೆ. ತುಂತುರು ಮಳೆಯಲ್ಲಿ ನೆನೆದವರು ಹೊಳೆಯ ನೆರೆಗೆ ಸಿಕ್ಕಿದವಳಿಗೆ ‘ನಾವೂ ನೆನೆದವರೇ’ ಎಂದಂತೆ, ಸಾಮಾನ್ಯ ಸಂಕಟವನ್ನು ಕಂಡವರು ಅತಿವಾಂತಿಯನ್ನೂ ಅದೇ ಅಳತೆಗೋಲಿನಿಂದ ಅಳೆಯುತ್ತಾರೆ. ವೈದ್ಯಶಾಸ್ತ್ರವೂ ಈ ದೋಷಕ್ಕೆ ಹೊರತಾಗಿರಲಿಲ್ಲ. ತಾಯಿಯಾಗಲು ಒಲ್ಲದ ಮನಸ್ಸೇ ವಾಂತಿಯ ರೂಪದಲ್ಲಿ ಹೊರಬೀಳುತ್ತದೆಂಬ ವಾದವು ಇಪ್ಪತ್ತನೆಯ ಶತಮಾನದಲ್ಲಿ ಬಹುಕಾಲ ಪಾಶ್ಚಾತ್ಯ ವೈದ್ಯರಲ್ಲಿ ಪ್ರಚಲಿತವಾಗಿತ್ತು. ರೋಗಿಯನ್ನು ಬಂಧುಗಳಿಂದ ದೂರವಿಟ್ಟು ಒಂಟಿಯಾಗಿ ಮಲಗಿಸುವುದೂ ಚಿಕಿತ್ಸೆ ಎನಿಸಿತ್ತು. ಆಮೇಲೆ ಬಂದುದು ಥಾಲಿಡೊಮೈಡ್ ದುರಂತ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಈ ಔಷಧವನ್ನು ಬಸಿರಿನ ವಾಂತಿಗೂ ಕೊಡುತ್ತಿದ್ದರು. ಸಾವಿರಾರು ಶಿಶುಗಳು ಕೈಕಾಲುಗಳ ಊನದೊಡನೆ ಹುಟ್ಟಿದವು. 1961ರಲ್ಲಿ ಅದನ್ನು ಅಲ್ಲಿನ ಪೇಟೆಯಿಂದ ಹಿಂತೆಗೆದುಕೊಂಡರು. ಆ ಭೀತಿಯ ನೆರಳು ಬಹುಕಾಲ ಉಳಿಯಿತು. ದೀರ್ಘಕಾಲದ ಬಳಕೆಯಲ್ಲಿ ಹಾನಿ ಕಾಣದ ಮದ್ದುಗಳನ್ನು ಬರೆದುಕೊಡಲು ವೈದ್ಯರೂ, ನುಂಗಲು ಗರ್ಭಿಣಿಯರೂ ಹಿಂಜರಿಯುವಂತಾಯಿತು.

ಇದರ ಪರಿಣಾಮವೇನೆಂಬುದನ್ನು ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ತಿಳಿಸುತ್ತದೆ. ಅತಿವಾಂತಿಯನ್ನು ಅನುಭವಿಸಿದ 5071 ಮಂದಿ ಅದಕ್ಕೆ ಉತ್ತರ ಕೊಟ್ಟರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ತಾವೇ ಬಯಸಿ ಪಡೆದ ಬಸಿರನ್ನು ತೆಗೆಸುವ ಯೋಚನೆ ಮಾಡಿದ್ದರು. ನೂರಕ್ಕೆ ಸುಮಾರು ಐವರು ತೆಗೆಸಿಯೂ ಇದ್ದರು. ನಾಲ್ವರಲ್ಲಿ ಒಬ್ಬರಿಗೆ ಒಮ್ಮೊಮ್ಮೆ ಸಾಯುವ ಯೋಚನೆ ಬಂದಿದ್ದಿತು. ಉತ್ತರಿಸಲು ಮುಂದಾದವರು ಹೆಚ್ಚು ಬಳಲಿದವರೇ ಆಗಿರಬಹುದು. ಹಾಗೆಂದು ಒಪ್ಪಿದರೂ ಈ ಅಂಕಿಗಳನ್ನು ಹಗುರವಾಗಿ ಕಾಣುವಂತಿಲ್ಲ.

ಇಂಥವರಿಗಾಗಿ ಬ್ರಿಟನ್ನಿನ ‘ಪ್ರೆಗ್ನೆನ್ಸಿ ಸಿಕ್‌ನೆಸ್ ಸಪೋರ್ಟ್’ ಎಂಬ ಸೇವಾಸಂಸ್ಥೆಯು ಒಂದು ಸರಳವಾದ ಏರ್ಪಾಡನ್ನು ಮಾಡಿದೆ. ಹಿಂದೆ ಅತಿವಾಂತಿಯನ್ನು ತಾವೇ ಅನುಭವಿಸಿದ ಹೆಂಗಸರು ಇಲ್ಲಿ ಸ್ವಯಂಸೇವಕಿಯರು. ಅವರಿಗೆ ತರಬೇತಿ ಕೊಟ್ಟು, ಈಗ ನರಳುತ್ತಿರುವ ಒಬ್ಬೊಬ್ಬರಿಗೆ ಒಬ್ಬೊಬ್ಬರನ್ನು ಜೊತೆಮಾಡುತ್ತಾರೆ. ದೂರವಾಣಿಯಲ್ಲಿಯೋ ಕಿರುಸಂದೇಶದ ಮೂಲಕವೋ ಮಾತು ನಡೆಯುತ್ತದೆ.

ಇದರಿಂದ ವಾಂತಿ ನಿಲ್ಲುವುದೇ? ಇಲ್ಲ. ಸ್ವಯಂಸೇವಕಿಯು ವೈದ್ಯಳಲ್ಲ, ಮದ್ದು ಹೇಳುವುದು ಅವಳ ಕೆಲಸವೂ ಅಲ್ಲ. ಆದರೆ ‘ಶುಂಠಿ ತಿಂದು ನೋಡು’ ಎಂಬ ಮಾತನ್ನು ಕೇಳಿ ಕೇಳಿ ಸೋತವಳಿಗೆ, ವಿವರಿಸದೆಯೇ ಅರ್ಥಮಾಡಿಕೊಳ್ಳುವ ಒಂದು ಜೀವ ದೊರೆಯುತ್ತದೆ. ಇನ್ನೊಂದು ಲಾಭವೂ ಉಂಟು. ಸಹಿಸಬೇಕಾದುದು ಎಲ್ಲಿಯವರೆಗೆ, ಆಸ್ಪತ್ರೆಗೆ ಹೋಗಬೇಕಾದುದು ಎಂದು, ಎಂಬ ಗೆರೆಯನ್ನು ಅವಳು ತೋರಿಸಬಲ್ಲಳು. ಇಪ್ಪತ್ತನಾಲ್ಕು ಗಂಟೆ ಅನ್ನವಾಗಲಿ ನೀರಾಗಲಿ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರವಾಗದಿದ್ದರೆ ಅಥವಾ ಅದರ ಬಣ್ಣ ಬಹಳ ಗಾಢವಾದರೆ, ತೂಕ ಇಳಿಯುತ್ತಿದ್ದರೆ ತಡಮಾಡಬಾರದು. ವಾಂತಿ ವಾರಗಟ್ಟಲೆ ಮುಂದುವರಿದು ಥಯಾಮಿನ್ ಎಂಬ ಜೀವಸತ್ವ ಬತ್ತಿದರೆ ಮೆದುಳಿಗೇ ಅಪಾಯವುಂಟು. ಸಂಕಟವನ್ನು ಅಳೆಯುವ ಒಂದು ಪ್ರಶ್ನಾವಳಿಯೂ ಇದೆ: ದಿನದಲ್ಲಿ ಎಷ್ಟು ಗಂಟೆ ಹೊಟ್ಟೆ ತೊಳಸಿತು, ಎಷ್ಟು ಸಲ ವಾಂತಿಯಾಯಿತು, ಎಷ್ಟು ಸಲ ಒಣ ಓಕರಿಕೆ ಬಂದಿತು? ಮೂರಕ್ಕೂ ಸೇರಿ ಅಂಕ 3ರಿಂದ 15ರವರೆಗೆ; 13 ಮುಟ್ಟಿದರೆ ತೀವ್ರವೆಂದು ಲೆಕ್ಕ. ‘ಬಹಳ ಕಷ್ಟವಾಗಿದೆ’ ಎಂಬ ಮಾತನ್ನು ತಳ್ಳಿಹಾಕುವುದು ಸುಲಭ; ಅಂಕಿಯನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ಹೀಗೆ ನೊಂದವರು ಒಬ್ಬರಿಗೊಬ್ಬರು ಹೆಗಲಾದುದರಿಂದ ವಿಜ್ಞಾನಕ್ಕೂ ಉಪಕಾರವಾಯಿತು. ಅಮೆರಿಕದ ತಳಿವಿಜ್ಞಾನಿ ಮಾರ್ಲೀನಾ ಫೇಜೊ 1999ರಲ್ಲಿ ಅತಿವಾಂತಿಯಿಂದ ತಮ್ಮ ಬಸಿರನ್ನು ಕಳೆದುಕೊಂಡರು. ಇತರರ ಗಮನ ಸೆಳೆಯಲು ಆಕೆ ರೋಗವನ್ನು ಹಿಗ್ಗಿಸಿ ಹೇಳುತ್ತಿರುವರೆಂದು ಆಗ ವೈದ್ಯರು ಭಾವಿಸಿದ್ದರಂತೆ. ಮುಂದೆ ಆಕೆ ಅಲ್ಲಿನ ಅತಿವಾಂತಿ ರೋಗಿಗಳ ‘ಹರ್ ಫೌಂಡೇಷನ್’ ಸಂಸ್ಥೆಯ ನೆರವು ಪಡೆದು ಸಂಶೋಧನೆಗೆ ತೊಡಗಿದರು. ನರಳಿದವರು ತಮ್ಮ ಜೊಲ್ಲಿನ ಮಾದರಿಯನ್ನು ಕಳುಹಿಸಿದರು. ಜೊತೆಗೆ, ಬಸಿರಿನಲ್ಲಿ ಅಂಥ ತೊಂದರೆ ಕಾಣದ ತಮ್ಮ ಗೆಳತಿಯರನ್ನೂ ಹೋಲಿಕೆಗಾಗಿ ಕರೆತಂದರು. ರೋಗವುಳ್ಳವರೂ ಇಲ್ಲದವರೂ ಜೋಡಿಯಾಗಿ ದೊರೆತ ಮೇಲೆ ಭೇದವನ್ನು ಹುಡುಕಲು ದಾರಿಯಾಯಿತು. ಬೇರೊಂದು ದೊಡ್ಡ ಜನಸಮೂಹದ ತಳಿಮಾಹಿತಿಯಲ್ಲಿ ದೊರೆತ ಸುಳಿವನ್ನು ಈ ಜೋಡಿಗಳಲ್ಲಿ ಪರೀಕ್ಷಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶವು ಜಿಡಿಎಫ್-15 ಎಂಬ ಹಾರ್ಮೋನಿನ ಜೀನ್‌ನತ್ತ ಬೆರಳು ಮಾಡಿತು.

2023ರ ಡಿಸೆಂಬರಿನಲ್ಲಿ ಫೇಜೊ ಹಾಗೂ ಕೇಂಬ್ರಿಜ್ಜಿನ ಸ್ಟೀಫನ್ ಒರಾಹಿಲಿ ಮೊದಲಾದವರು ಇದರ ಕಾರ್ಯವಿಧಾನವನ್ನು ವಿವರಿಸಿದರು. ಬಸಿರಿನಲ್ಲಿ ಮಗು ಮತ್ತು ಮಾಸಿನ ಭಾಗದಿಂದ ಈ ಹಾರ್ಮೋನು ತಾಯಿಯ ರಕ್ತಕ್ಕೆ ಹೇರಳವಾಗಿ ಸೇರಿ, ಹಿಮ್ಮೆದುಳಿನ ಗ್ರಾಹಕಗಳನ್ನು ಮುಟ್ಟಿ ಓಕರಿಕೆ ಹುಟ್ಟಿಸುತ್ತದೆ. ಕುತೂಹಲದ ಸಂಗತಿಯೆಂದರೆ, ಬಸಿರಿಗೆ ಮೊದಲು ಯಾರ ರಕ್ತದಲ್ಲಿ ಇದು ಕಡಮೆಯೋ ಅವರಿಗೇ ಸಂಕಟ ಹೆಚ್ಚು. ಕತ್ತಲೆ ಕೋಣೆಯಿಂದ ಬಿಸಿಲಿಗೆ ಬಂದವನ ಕಣ್ಣು ಕುಕ್ಕುವುದು. ಬಿಸಿಲಿನಲ್ಲಿಯೇ ಇದ್ದವನಿಗೆ ಅದೇ ಬೆಳಕು ಏನೂ ಅನಿಸದು. ಇಲ್ಲಿಯೂ ಹಾಗೆಯೇ: ಒಗ್ಗಿರದ ಮೆದುಳಿಗೆ ಏರಿಕೆಯೇ ಆಘಾತ. ಬೀಟಾ ಥಲಸೀಮಿಯ ಎಂಬ ರಕ್ತರೋಗದಲ್ಲಿ ಈ ಹಾರ್ಮೋನು ಸದಾ ಹೆಚ್ಚಾಗಿರುತ್ತದೆ. ಆ ರೋಗವುಳ್ಳ ಗರ್ಭಿಣಿಯರಲ್ಲಿ ವಾಂತಿ ತೀರ ಕಡಮೆಯೆಂದು ಕಂಡುಬಂದುದು ಈ ವಿವರಣೆಗೆ ಬಲ ಕೊಟ್ಟಿತು. ಹಾಗಾದರೆ ಬಸಿರಿಗೆ ಮುಂಚೆಯೇ ದೇಹವನ್ನು ಮೆಲ್ಲಮೆಲ್ಲನೆ ಒಗ್ಗಿಸಬಹುದೇ? ಇಲಿಗಳಲ್ಲಿ ಇದು ಫಲ ಕೊಟ್ಟಿದೆ, ಮನುಷ್ಯರಲ್ಲಿ ಪರೀಕ್ಷೆಯಾಗಬೇಕು.

ಅತಿವಾಂತಿಯು ಮನಸ್ಸಿನ ಹಟವಲ್ಲ, ರಕ್ತದಲ್ಲಿ ಅಳೆಯಬಹುದಾದ ಕಾರಣವುಳ್ಳ ದೇಹವ್ಯಾಧಿ ಎಂಬುದು ಈಗ ಸ್ಪಷ್ಟವಾಗಿದೆ. ನರಳಿದವರು ಇದನ್ನು ಮೊದಲಿನಿಂದಲೂ ಹೇಳುತ್ತಲೇ ಇದ್ದರು; ಮೊದಲು ನಂಬಿದವರು ಅವರಂತೆಯೇ ನರಳಿದವರು. ಕೇಳಿ, ನಂಬಿ, ಬೇಕಾದಾಗ ಆಸ್ಪತ್ರೆಗೆ ಕರೆದೊಯ್ಯುವ ಈ ಕೆಲಸಕ್ಕೆ ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ. ನಮ್ಮ ಮನೆಗಳಲ್ಲಿ ಅಕ್ಕತಂಗಿಯರೂ ನೆರೆಹೊರೆಯವರೂ ಇದನ್ನು ಮಾಡಬಲ್ಲರು. ‘ಎಲ್ಲರಿಗೂ ಇದ್ದದ್ದೇ’ ಎನ್ನುವ ಮೊದಲು, ‘ಇಂದು ನೀರು ನಿಂತಿತೇ?’ ಎಂದು ಕೇಳಿದರೆ ಅಷ್ಟರಿಂದಲೇ ಆರಂಭವಾದಂತೆ.