ಪ್ರೋಗ್ರಾಮಿನಲ್ಲಿ ಹುಡುಕುವ ಸಾಧನಗಳು ಮತ್ತು ಅವುಗಳ ವಿವರಣೆ

ಮುಂಬಯಿಯ ಪವಾಯಿಯಲ್ಲಿರುವ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ 2000ದಲ್ಲಿ ಆರಂಭವಾದ ಭಾರತೀಯ ಭಾಷಾ ತಂತ್ರಜ್ಞಾನ ಕೇಂದ್ರದ ಕಾರ್ಯ ಹೊರನಾಡಿನ ಸಂಶೋಧಕರಿಗೆ ಅಪರಿಚಿತವಲ್ಲ. ಅಲ್ಲಿ ರೂಪುಗೊಂಡ ಹಿಂದಿ ವರ್ಡ್‌ನೆಟ್ಟನ್ನು ಆಧರಿಸಿ ಬೆಳೆದ ಇಂಡೋವರ್ಡ್‌ನೆಟ್ಟಿನಲ್ಲಿ ಕನ್ನಡವೂ ಸೇರಿದೆ. ಸಮಾನಾರ್ಥಕ ಪದಗಳ ಒಂದೊಂದು ಗುಂಪಿಗೂ ಒಂದು ಅರ್ಥವಿವರಣೆಯನ್ನೂ ಒಂದು ಉದಾಹರಣೆಯನ್ನೂ ಕೊಡುವುದು ಅದರ ಪದ್ಧತಿ. 'ಕೆರೆ' ಎಂಬುದಕ್ಕೆ 'ನೀರು ನಿಲ್ಲುವ ಸ್ಥಳ' ಎಂದಷ್ಟೇ ಬರೆದರೆ ಆ ಮಾತು ಸುಳ್ಳೇನೂ ಅಲ್ಲ. ಆದರೆ ಕೊಳ, ಹೊಂಡ, ಬಾವಿಗಳಿಂದ ಕೆರೆಯನ್ನು ಅದು ಬೇರ್ಪಡಿಸಿ ತೋರಿಸುವುದಿಲ್ಲ.

ಇದೇ ತೊಡಕು ಈಗ ಗಣಕದ ಇನ್ನೊಂದು ಕ್ಷೇತ್ರದಲ್ಲಿ ತಲೆದೋರಿದೆ. ಹಳೆಯ ನುಡಿ ಅಕ್ಷರವಿನ್ಯಾಸದ ಪಠ್ಯಗಳನ್ನು ಯೂನಿಕೋಡಿಗೆ ತರುವ ಪ್ರೋಗ್ರಾಮೊಂದನ್ನು ತಿದ್ದುವ ಕೆಲಸವನ್ನು ಇಂದು ಕೃತಕ ಬುದ್ಧಿಮತ್ತೆಯ ಏಜೆಂಟಿಗೆ ಒಪ್ಪಿಸಬಹುದು. ಏಜೆಂಟ್ ಎಂದರೆ, ಕೊಟ್ಟ ಕೆಲಸವನ್ನು ಹಂತಹಂತವಾಗಿ ತಾನೇ ನಿರ್ವಹಿಸುವ ಭಾಷಾಮಾದರಿ. ದೊಡ್ಡ ಪ್ರೋಗ್ರಾಮನ್ನು ಅದು ಸಾಮಾನ್ಯವಾಗಿ ಪೂರ್ತಿ ಓದುವುದಿಲ್ಲ. ಹುಡುಕುವ ಸಾಧನಗಳನ್ನು ಕರೆದು ಬೇಕಾದ ಭಾಗವನ್ನಷ್ಟೇ ತರಿಸಿಕೊಳ್ಳುತ್ತದೆ. ಯಾವುದನ್ನು ಕರೆಯಬೇಕೆಂಬ ತೀರ್ಮಾನಕ್ಕೆ ಅದಕ್ಕಿರುವ ಮುಖ್ಯ ಆಧಾರ ಸಾಧನದ ಹೆಸರು ಮತ್ತು ವಿವರಣೆ. 2024ರ ನವೆಂಬರಿನಲ್ಲಿ ಆಂಥ್ರಾಪಿಕ್ ಸಂಸ್ಥೆ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ನಿಯಮಾವಳಿಯಲ್ಲಿ ಇವೆರಡಕ್ಕೂ ನಿಗದಿಯಾದ ಸ್ಥಾನವಿದೆ.

ಇಂಥ ಸಾಧನಗಳಲ್ಲಿ ಮೂರು ಬಗೆ ಪ್ರಮುಖವಾದುವು. ಒಂದು, ಕೊಟ್ಟ ಅಕ್ಷರಸರಣಿಯನ್ನು ಕಂಡಲ್ಲೆಲ್ಲ ಹೆಕ್ಕುವುದು; ಇನ್ನೊಂದು, ಒಂದು ಹೆಸರು ನಿರೂಪಿತವಾದ ಸ್ಥಳವನ್ನು ತೋರಿಸುವುದು; ಮತ್ತೊಂದು, ಆ ಹೆಸರು ಬಳಕೆಯಾದ ಎಡೆಗಳನ್ನು ತೋರಿಸುವುದು. ಮೂರಕ್ಕೂ 'ಪ್ರೋಗ್ರಾಮಿನಲ್ಲಿ ಹುಡುಕುತ್ತದೆ' ಎಂದು ಬರೆದರೆ ಕೆರೆಯ ಕಥೆಯೇ ಮರುಕಳಿಸುತ್ತದೆ. ಒತ್ತಕ್ಷರಗಳನ್ನು ಜೋಡಿಸುವ ಫಂಕ್ಷನ್ನಿನ ಹೆಸರನ್ನು ಬದಲಿಸಬೇಕಾಗಿದೆ ಎನ್ನೋಣ. ಏಜೆಂಟ್ ಎರಡನೆಯ ಸಾಧನವನ್ನು ಕರೆದು, ಬಂದ ಒಂದು ಸ್ಥಳವನ್ನಷ್ಟೇ ತಿದ್ದಿದರೆ ಉಳಿದೆಡೆ ಹಳೆಯ ಹೆಸರೇ ಉಳಿದು ಪ್ರೋಗ್ರಾಮ್ ಕೆಡುತ್ತದೆ.

ಕೇಶಿರಾಜನ ಶಬ್ದಮಣಿದರ್ಪಣದಲ್ಲಿ (ಸು. 1260) ಸೂತ್ರ, ವೃತ್ತಿ, ಪ್ರಯೋಗಗಳೆಂಬ ಮೂರು ಅಂಗಗಳಿರುವುದು ಸರ್ವವಿದಿತ. ಸಾಧನದ ಹೆಸರನ್ನು ಸೂತ್ರವೆಂದು ಬಗೆದರೆ ವಿವರಣೆಯೇ ಅದರ ವೃತ್ತಿ. ವ್ಯಾಕರಣಕಾರರು ವಿಧಿಯೊಡನೆ ಅದರ ಅಪವಾದವನ್ನೂ ಹೇಳುತ್ತಾರೆ. ಸಾಧನಗಳ ವಿವರಣೆಯಲ್ಲಿ ತಪ್ಪಿಹೋಗುವುದು ಹೆಚ್ಚಾಗಿ ಈ ಅಪವಾದವೇ. ಬರಿದಾದ ಉತ್ತರ ಬಂದಾಗ ಆ ಹೆಸರು ಎಲ್ಲಿಯೂ ಇಲ್ಲವೆಂದೇ, ಅಥವಾ ಕೆಲವು ಕಡತಗಳನ್ನು ಸಾಧನ ನೋಡಿಯೇ ಇಲ್ಲವೆಂದೇ? ಇದನ್ನು ವಿವರಣೆ ಹೇಳದಿದ್ದರೆ ಏಜೆಂಟ್ ಮೊದಲನೆಯ ಅರ್ಥವನ್ನೇ ಹಿಡಿದು ಮುಂದುವರಿಯಬಹುದು. (ಹಸ್ತಪ್ರತಿಗಳ ಸೂಚಿಯನ್ನು ಬಳಸಿದವರಿಗೆ ಇದು ಹೊಸ ಮಾತಲ್ಲ.)

ಕನ್ನಡದ ದೃಷ್ಟಿಯಿಂದ ಎಣಿಕೆಯ ವಿಚಾರವನ್ನು ವಿಶೇಷವಾಗಿ ಗಮನಿಸಬೇಕು. 2016ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲಿನಲ್ಲಿ ಸಾಲುಗಳ ಎಣಿಕೆ ಸೊನ್ನೆಯಿಂದ ತೊಡಗುತ್ತದೆ. ನಾವು ತೆರೆಯ ಮೇಲೆ ಕಾಣುವ ಎಣಿಕೆ ಸಾಮಾನ್ಯವಾಗಿ ಒಂದರಿಂದ. ಸಾಲಿನೊಳಗಣ ಸ್ಥಾನವನ್ನು ಅದು ರೂಢಿಯಂತೆ ಯುಟಿಎಫ್-16 ಘಟಕಗಳಲ್ಲಿ ಎಣಿಸುತ್ತದೆ. 'ಕನ್ನಡ' ಎಂಬ ಪದದಲ್ಲಿ ನಮ್ಮ ಲೆಕ್ಕಕ್ಕೆ ಅಕ್ಷರಗಳು 3. ಈ ಘಟಕಗಳು 5. ಯುಟಿಎಫ್-8ರಲ್ಲಿ ಬೈಟುಗಳು 15. 'ಮೊದಲ ಮೂರನ್ನು ಬದಲಿಸು' ಎಂದರೆ ಅಕ್ಷರಗಣನೆಯಲ್ಲಿ ಇಡೀ ಪದ ಹೋಗುತ್ತದೆ, ಘಟಕಗಣನೆಯಲ್ಲಿ 'ಕನ್' ಹೋಗುತ್ತದೆ, ಬೈಟುಗಳಲ್ಲಿ 'ಕ' ಮಾತ್ರ. ಇಂಗ್ಲಿಷ್ ಪಠ್ಯದಲ್ಲಿ ಈ ಮೂರೂ ಸಾಮಾನ್ಯವಾಗಿ ಒಂದೇ ಆಗಿರುವುದರಿಂದ ಅಲ್ಲಿ ಕಾಣದ ದೋಷ, ಪ್ರೋಗ್ರಾಮಿನೊಳಗೆ ಕನ್ನಡದ ಮಾತುಗಳಿದ್ದಾಗ ಅಕ್ಷರವನ್ನೇ ನಡುವೆ ಸೀಳಿಬಿಡುತ್ತದೆ.

ಬಳಕೆಯನ್ನು ತೋರಿಸುವ ಸಾಧನಕ್ಕೆ ವಿವರಣೆಯನ್ನು ಹೀಗೆ ಬರೆಯಬಹುದೆಂದು ನಮಗೆ ತೋರುತ್ತದೆ: 'ಒಂದು ಹೆಸರು ಬಳಕೆಯಾದ ಎಲ್ಲ ಸ್ಥಳಗಳನ್ನು ಕೊಡುತ್ತದೆ, ಹೆಸರನ್ನು ಬದಲಿಸುವ ಮುನ್ನ ಇದನ್ನು ಕರೆಯಿರಿ. ಟಿಪ್ಪಣಿಗಳಲ್ಲಿ ಬಂದ ಪದವನ್ನು ಇದು ಕೊಡುವುದಿಲ್ಲ. ಅದಕ್ಕೆ ಅಕ್ಷರಸರಣಿಯ ಶೋಧವನ್ನು ಬಳಸಿ. ಸಾಲು 0ಯಿಂದ, ಸ್ಥಾನ ಯುಟಿಎಫ್-16 ಘಟಕಗಳಲ್ಲಿ. ಉತ್ತರ ಬರಿದಾಗಿದ್ದರೆ ಕಡತ ಸೂಚಿಗೆ ಸೇರಿದೆಯೇ ಎಂದು ನೋಡಿ.'