ಗ್ಲೈಡರ್ ಇಳಿಯುವಾಗಿನ ಅವಘಡ: ತಪ್ಪು ಕಲ್ಪನೆ ಮತ್ತು ಸತ್ಯ

ಯಂತ್ರದ ಸದ್ದಿಲ್ಲದೆ, ಹದ್ದಿನಂತೆ ರೆಕ್ಕೆ ಚಾಚಿ ಬಾನಿನಲ್ಲಿ ತೇಲುವ ಗ್ಲೈಡರನ್ನು ಕಂಡವರಿಗೆ ಬೆರಗಿನ ಬೆನ್ನಿಗೇ ಭೀತಿಯೂ ಮೂಡುವುದು ಸಹಜ. ಆದರೆ ಆ ಭೀತಿಯು ಸಲ್ಲದ ಕಡೆ ನೆಲೆಗೊಂಡಿರುವುದರಿಂದ, ಭೂಸ್ಪರ್ಶದ ಹೊತ್ತಿನ ಅವಘಡಗಳ ನಿಜವಾದ ಕಾರಣಗಳು ನಮಗೆ ಮರೆಯಾಗಿವೆ.

ತಪ್ಪು ಕಲ್ಪನೆ: ಎಂಜಿನ್ ಇಲ್ಲದ ವಿಮಾನವು ಕಲ್ಲಿನಂತೆ ಬೀಳುತ್ತದೆ.

ಸತ್ಯ: ಗುರುತ್ವಾಕರ್ಷಣೆಯೇ ಗ್ಲೈಡರಿನ ಎಂಜಿನ್. ಇಂದಿನ ಉತ್ತಮ ಗ್ಲೈಡರು ನಿಶ್ಚಲ ವಾಯುವಿನಲ್ಲಿ 1 ಮೀಟರ್ ಇಳಿಯುವಷ್ಟರಲ್ಲಿ ಸುಮಾರು 40 ಮೀಟರ್ ಮುಂದೆ ಸಾಗುತ್ತದೆ. ಹೀಗೆ ತೇಲುತ್ತ ಹೋಗಿ ಮೈದಾನವನ್ನೇ ದಾಟಿಬಿಡಬಾರದೆಂದು ಅದರ ರೆಕ್ಕೆಗಳಿಗೆ ಏರ್‌ಬ್ರೇಕುಗಳನ್ನು ಜೋಡಿಸಿರುತ್ತಾರೆ. ಎಂಜಿನ್ ಇಲ್ಲದ್ದರಿಂದ ವೈಮಾನಿಕನಿಗೆ ತಪ್ಪಿಹೋಗುವುದು ಒಂದೇ ಸೌಲಭ್ಯ: ಎಣಿಕೆ ತಪ್ಪಿದಾಗ ಮತ್ತೆ ಮೇಲೇರಿ, ಸುತ್ತಿಬಂದು ಇಳಿಯುವ ಎರಡನೆಯ ಅವಕಾಶ.

ತಪ್ಪು ಕಲ್ಪನೆ: ನೆಲ ಸಮೀಪಿಸಿದಾಗ ಮೂತಿ ಎತ್ತಿ ನಿಧಾನವಾಗಿ ಹಾರುವುದೇ ಕ್ಷೇಮ.

ಸತ್ಯ: ಅತ್ಯಂತ ಘೋರವಾದ ಅವಘಡಗಳ ಮೂಲ ಇದೇ. ರೆಕ್ಕೆಯು ಎದುರಿನ ಗಾಳಿಯನ್ನು ಸಂಧಿಸುವ ಕೋನವು ಸುಮಾರು 15 ಡಿಗ್ರಿಯನ್ನು ಮೀರಿತೆಂದರೆ, ರೆಕ್ಕೆಯ ಮೇಲಿನ ವಾಯುಪ್ರವಾಹವು ಕಿತ್ತುಹೋಗಿ ಎತ್ತುವ ಶಕ್ತಿ ಕುಸಿಯುತ್ತದೆ. ಇದನ್ನೇ ವೈಮಾನಿಕರು ‘ಸ್ಟಾಲ್’ ಎನ್ನುತ್ತಾರೆ. ಸುಮಾರು 2000 ಸಲ ಹಾರಿ ಅನುಭವ ಪಡೆದಿದ್ದ ಜರ್ಮನಿಯ ಓಟ್ಟೋ ಲಿಲಿಯೆಂಥಾಲ್ 1896ರ ಆಗಸ್ಟ್ 9ರಂದು ಹೀಗೆಯೇ ಸುಮಾರು 15 ಮೀಟರ್ ಎತ್ತರದಿಂದ ಬಿದ್ದು ಮರುದಿನ ಅಸುನೀಗಿದನು. ಇಳಿಯುವ ಮುನ್ನಿನ ಕೊನೆಯ ತಿರುವಿನಲ್ಲಿ ಈ ಅಪಾಯ ಇಮ್ಮಡಿಸುತ್ತದೆ: 45 ಡಿಗ್ರಿ ವಾಲಿ ತಿರುಗುವಾಗ ಸ್ಟಾಲ್ ಆಗುವ ವೇಗವೇ ಸುಮಾರು ಐದನೆಯ ಒಂದು ಪಾಲಿನಷ್ಟು ಹೆಚ್ಚುತ್ತದೆ, ಒಂದು ರೆಕ್ಕೆ ಮೊದಲು ಸೋತು ವಿಮಾನವು ಗಿರಕಿ ಹೊಡೆಯತೊಡಗಿದರೆ, ಚೇತರಿಸಿಕೊಳ್ಳಲು ಬೇಕಾದ ಎತ್ತರ ಆಗ ಉಳಿದಿರುವುದಿಲ್ಲ. ನೆಲದ ಬಳಿ ಎದುರುಗಾಳಿ ಕುಗ್ಗುವುದರಿಂದ ವಿಮಾನದ ವಾಯುವೇಗವೂ ತಟ್ಟನೆ ಇಳಿಯುತ್ತದೆ. ಆದುದರಿಂದಲೇ ಗಾಳಿಯ ವೇಗದ ಅರ್ಧದಷ್ಟನ್ನು ತನ್ನ ವೇಗಕ್ಕೆ ಕೂಡಿಸಿಕೊಂಡು ಬರಬೇಕೆಂದು ಶಿಕ್ಷಕರು ಬೋಧಿಸುತ್ತಾರೆ.

ತಪ್ಪು ಕಲ್ಪನೆ: ಮೇಲಿನಿಂದ ಸಮತಟ್ಟಾಗಿ ಕಂಡ ಬಯಲು ಇಳಿಯಲು ಯೋಗ್ಯ.

ಸತ್ಯ: 1944ರ ಮಾರ್ಚ್ 5ರ ರಾತ್ರಿ, ಅಸ್ಸಾಮಿನ ಲಾಲಾಘಾಟಿನಿಂದ ಹೊರಟ ಸೇನಾ ಗ್ಲೈಡರುಗಳು ಬರ್ಮಾದ ಕಾಡಿನ ನಡುವಣ ‘ಬ್ರಾಡ್‌ವೇ’ ಎಂಬ ಬಯಲಿನಲ್ಲಿ ಇಳಿದವು. ಆಕಾಶದಿಂದ ನಯವಾಗಿ ತೋರಿದ್ದ ಆ ನೆಲದಲ್ಲಿ, ಮರದ ದಿಮ್ಮಿಗಳನ್ನು ಎಳೆದೊಯ್ದು ಉಂಟಾಗಿದ್ದ ತೋಡುಗಳು ಎತ್ತರದ ಹುಲ್ಲಿನಲ್ಲಿ ಅಡಗಿದ್ದವು. ಮುಂದೆ ಇಳಿದವು ಅವುಗಳಿಗೆ ಸಿಕ್ಕಿ ಮುರಿದುಬಿದ್ದರೆ, ಹಿಂದೆ ಬಂದವು ಆ ಭಗ್ನಾವಶೇಷಗಳಿಗೇ ಢಿಕ್ಕಿ ಹೊಡೆದು ಅನೇಕರ ಪ್ರಾಣಹಾನಿಯಾಯಿತು. ಇಂದಿಗೂ ಹೊಲಗಳಲ್ಲಿ ಇಳಿಯುವವರನ್ನು ಇಳಿಜಾರು, ತಂತಿ, ಎತ್ತರದ ಪೈರು ಇವೇ ವಂಚಿಸುತ್ತವೆ. ತಂತಿಯು ಮೇಲಿನಿಂದ ಕಾಣದು, ಕಂಬಗಳನ್ನು ಹುಡುಕಬೇಕು. ಪೈರಿಗೆ ಒಂದು ರೆಕ್ಕೆಯ ತುದಿ ಸಿಕ್ಕಿದರೆ ಸಾಕು, ವಿಮಾನವು ನೆಲದ ಮೇಲೆಯೇ ಗರ್ರನೆ ತಿರುಗಿ ಮುರಿಯುತ್ತದೆ.

ತಪ್ಪು ಕಲ್ಪನೆ: ಅವಘಡವು ಕೊನೆಯ ಕ್ಷಣದ ದುರದೃಷ್ಟ.

ಸತ್ಯ: ಮೇಲಕ್ಕೆತ್ತುವ ಇನ್ನೊಂದು ಬಿಸಿಗಾಳಿಯ ಸೆಲೆ ಸಿಕ್ಕೀತು, ಇನ್ನೊಂದು ಬೆಟ್ಟ ದಾಟೇನು ಎಂಬ ಆಸೆಯಿಂದ ನಿರ್ಧಾರವನ್ನು ಮುಂದೂಡುತ್ತ ಬಂದವನು, ಎತ್ತರವೆಲ್ಲ ಕರಗಿದ ಮೇಲೆ ಸಿಕ್ಕಿದ ಬಯಲಿಗೆ ಅವಸರದಿಂದ ತಿರುಗುತ್ತಾನೆ, ಆ ಅವಸರವೇ ಅವನ ಕೈಯಿಂದ ನಿಯಂತ್ರಣದಂಡವನ್ನು ಹಿಂದಕ್ಕೆ ಎಳೆಸಿ, ಮೂತಿಯನ್ನು ಎತ್ತಿಸಿ, ಸ್ಟಾಲಿಗೆ ದೂಡುತ್ತದೆ. ಸುಮಾರು 300 ಮೀಟರಿಗೆ ಇಳಿಯುವಷ್ಟರಲ್ಲಿ ಬಯಲನ್ನು ನಿಶ್ಚಯಿಸಿರಬೇಕು. ನಿಶ್ಚಯಿಸಿದ ಮೇಲೆ ಮನಸ್ಸು ಚಂಚಲವಾಗಕೂಡದು. ಹಾರಾಟ ಕಲಿಯಲು ಹೊರಟ ತರುಣರು ಇದೊಂದನ್ನು ಮರೆಯದಿರಲಿ: ಎತ್ತರವಿರುವಾಗಲೇ ಇಳಿಯುವ ಸಂಕಲ್ಪ ಮಾಡಿದವನಿಗೆ, ಎಂಜಿನ್ ಇಲ್ಲವೆಂಬುದು ಒಂದು ಕೊರತೆಯಾಗುವುದಿಲ್ಲ.